ಗಿಂಜಾದ ಗಲ್ಲೆಯ ಮುಂದೆ ಒಂದು ಜ್ಯೋತ್ಸ್ನಾ

ಪರದೇಶಕ್ಕೆ ಹೋದಾಗ ಇಂಕ್ ಪೆನ್ನಿನ ಅಂಗಡಿ ಹುಡುಕಿಕೊಂಡು ಹೋಗುವುದು ನನಗೆ ದೊಡ್ಡ ಖುಷಿ. ಅದರಲ್ಲೂ ಜಪಾನ್ ಅಂದರೆ ಕೇಳಬೇಕೇ! ಸೇಲರ್ 1911ರದು, ಪೈಲಟ್ 1918ರದು, ಪ್ಲಾಟಿನಂ 1919ರದು. ಅಲ್ಲಿನ ಮೂರೂ ದೊಡ್ಡ ಹೆಸರುಗಳು ಶತಮಾನ ದಾಟಿವೆ. ಟೋಕಿಯೊದ ಗಿಂಜಾದಲ್ಲಿ ಕೆಂಪು ಪೇಪರ್ ಕ್ಲಿಪ್ಪಿನ ಗುರುತು ಹೊತ್ತು ನಿಂತ ಇಟೋಯ 1904ರಲ್ಲಿ ಶುರುವಾದದ್ದು. ಮಹಡಿ ಮೇಲೆ ಮಹಡಿ, ಎಲ್ಲೆಲ್ಲೂ ಕಾಗದ, ಶಾಯಿ, ಪೆನ್ನು.

ಪೆನ್ನು ತೋರಿಸಿ ಅಂದರೆ ಅಂಗಡಿಯವರು ಗಾಜಿನ ಕಪಾಟಿನಿಂದ ಅದನ್ನು ತೆಗೆದು ಮೆತ್ತನೆಯ ತಟ್ಟೆಯಲ್ಲಿಡುತ್ತಾರೆ. ನಿಬ್ಬನ್ನು ಶಾಯಿಯಲ್ಲಿ ಅದ್ದಿ, ಹೆಚ್ಚಾದದ್ದನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಜಪಾನಿಯರು ಪೆನ್ನನ್ನು ಪರೀಕ್ಷಿಸಲು 'ಎಯ್' ಎಂಬ ಕಾಂಜಿ ಅಕ್ಷರ ಬರೆದು ನೋಡುವುದುಂಟು. ಕುಂಚಬರಹದ ಎಂಟು ಮೂಲ ಗೆರೆಗಳೂ ಆ ಒಂದೇ ಅಕ್ಷರದಲ್ಲಿ ಸಿಗುತ್ತವೆ. ಕನ್ನಡಕ್ಕೂ ಅಂಥದ್ದೊಂದು ಪರೀಕ್ಷೆ ಬೇಕಲ್ಲ? ನಾನು 'ಜ್ಯೋತ್ಸ್ನಾ' ಬರೆಯುತ್ತೇನೆ. ಆಮೇಲೆ 'ಋಣ', 'ಕ್ಷಣ', 'ಝರಿ'. ಸಹಿ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಸಹಿ ಎಂಥ ನಿಬ್ಬಿನಲ್ಲೂ ಚೆನ್ನಾಗಿಯೇ ಕಾಣುತ್ತದೆ.

ಕಾಂಜಿಯ ಪುಟ್ಟ ಚೌಕದೊಳಗೆ ಹತ್ತಿಪ್ಪತ್ತು ಗೆರೆಗಳು ಒಂದನ್ನೊಂದು ಮುಟ್ಟದೆ ಕೂರಬೇಕು. ಅದಕ್ಕೇ ಅಲ್ಲಿನ ನಿಬ್ಬು ಸಪೂರ. 'ಎಫ್' (ಫೈನ್) ಎಂಬ ಒಂದೇ ಗುರುತಿದ್ದರೂ ಜರ್ಮನಿಯ ನಿಬ್ಬಿಗಿಂತ ಜಪಾನಿನದು ಸಾಮಾನ್ಯವಾಗಿ ತೆಳ್ಳಗೆ ಬರೆಯುತ್ತದೆ. ಒತ್ತಕ್ಷರ ಬರೆಯುವ ನಮಗೆ ಇದು ವರವೇ. ದಪ್ಪ ನಿಬ್ಬಿನಲ್ಲಿ 'ತ್ಸ್ನಾ' ಬರೆದರೆ ಸಕಾರದ ಒತ್ತೂ ನಕಾರದ ಒತ್ತೂ ಅಂಟಿಕೊಂಡು ಕೆಳಗೊಂದು ಮಸಿಯ ಮುದ್ದೆಯಾಗುತ್ತದೆ. ಸಪೂರ ನಿಬ್ಬಿನಲ್ಲಿ ಎರಡೂ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಹಾಗೆಂದು ತೀರಾ ಸಪೂರವಾದರೂ ಆಗದು. ಕಾಂಜಿ ಬರೆಯುವಾಗ ಗೆರೆಗೊಮ್ಮೆ ಪೆನ್ನು ಎತ್ತಿ ಇಳಿಸುತ್ತಾರೆ. ನಮ್ಮ 'ಣ' ಎತ್ತದೆ ಸುತ್ತಿಕೊಂಡೇ ಸಾಗುತ್ತದೆ. ಆ ಸುತ್ತಿನಲ್ಲಿ ಕೈ ಮೇಲಕ್ಕೆ ತಿರುಗುವ ಜಾಗವಿದೆಯಲ್ಲ, ಅಲ್ಲೇ ಅತಿ ತೆಳುವಾದ ನಿಬ್ಬು ಕಾಗದವನ್ನು ಕೆರೆಯುವುದು. 'ಎಫ್'ಗೂ 'ಎಂ' (ಮೀಡಿಯಂ)ಗೂ ನಡುವೆ ಸೇಲರ್‌ನವರದೊಂದು 'ಎಂಎಫ್' ನಿಬ್ಬಿದೆ. ಆ 21 ಕ್ಯಾರಟ್ ಚಿನ್ನದ ನಿಬ್ಬು ಸಣ್ಣಗೆ ಸದ್ದು ಮಾಡುತ್ತಾ, ಕಾಗದದ ಮೈಯನ್ನು ಕೈಗೆ ತಿಳಿಸುತ್ತಾ, ತಲಕಟ್ಟಿನಿಂದ ಕೊಂಬಿನವರೆಗೆ ಎಲ್ಲೂ ಎಡವದೆ ನಡೆಯುತ್ತದೆ. ನನ್ನ ಕೈಗೆ ಒಪ್ಪಿದ್ದು ಅದು.

ಪೆನ್ನಿನ ಜೊತೆ ಶಾಯಿಯೂ ಬೇಕು. ಕೋಬೆಯ ನಾಗಾಸಾವಾ ಅಂಗಡಿಯವರು 1995ರ ಭೂಕಂಪದಲ್ಲಿ ನಲುಗಿ ಎದ್ದ ತಮ್ಮ ಊರಿನ ಬಣ್ಣಗಳನ್ನೇ ಶಾಯಿ ಮಾಡಿ ಬಾಟಲಿಗಿಳಿಸಿದ್ದಾರೆ: ರೊಕ್ಕೊ ಬೆಟ್ಟದ ಹಸಿರು, ಬಂದರುಕಟ್ಟೆಯ ನೀಲಿ. ಊರಿನ ಮೇಲಿನ ಅಕ್ಕರೆಯನ್ನು ಹೀಗೂ ತೋರಿಸಬಹುದಲ್ಲ ಎಂದು ಮನಸ್ಸು ತುಂಬಿ ಬರುತ್ತದೆ. ವಿಮಾನ ಹತ್ತುವಾಗ ಮಾತ್ರ ಪೆನ್ನನ್ನು ಪೂರ್ತಿ ತುಂಬಿಸಬೇಕು, ಇಲ್ಲವೇ ಪೂರ್ತಿ ಖಾಲಿ ಮಾಡಬೇಕು. ಅರ್ಧ ತುಂಬಿದ್ದರೆ, ಮೇಲೆ ಒತ್ತಡ ಇಳಿದಾಗ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರತಳ್ಳುತ್ತದೆ.

ಇದೇ ಪೆನ್ನುಗಳನ್ನು ಈಗ ಮನೆಯಲ್ಲೇ ಕೂತು ತರಿಸಿಕೊಳ್ಳಬಹುದು. ಆದರೆ ಹಲವು ನಿಬ್ಬುಗಳನ್ನು ಸಾಲಾಗಿಟ್ಟುಕೊಂಡು ಒಂದೊಂದರಲ್ಲೂ ಬರೆದು ನೋಡುವ ಸುಖ ಗಲ್ಲೆಯ ಮುಂದೆ ನಿಂತವರಿಗಷ್ಟೇ. ಆ ನಿಬ್ಬು ಮಾಡಿದವರ ಕಣ್ಣಮುಂದೆ ಇದ್ದದ್ದು ಅವರ ಲಿಪಿ. ಅದರಲ್ಲಿ ಕನ್ನಡಕ್ಕೆ ಒಗ್ಗುವುದು ಯಾವುದು ಎಂದು ಕಂಡುಕೊಳ್ಳುವ ಕೆಲಸ ಕನ್ನಡ ಬರೆಯುವ ಕೈಯದೇ. ಹೋಗುವವರು ಬೆಲೆಪಟ್ಟಿಗಿಂತ ಮೊದಲು ನಾಲ್ಕು ಒಳ್ಳೆಯ ಒತ್ತಕ್ಷರಗಳನ್ನು ಆರಿಸಿಟ್ಟುಕೊಂಡು ಹೋಗಿ.