ಎಕೋ ಸ್ವಲ್ಪ ಜಾಸ್ತಿ ಮಾಡಣ್ಣ

ನಮ್ಮ ಕಡೆ ಗಣಪತಿ ಪೆಂಡಾಲಿನಲ್ಲಿ ಹಾಡುವವರಿಗೆ ಶ್ರುತಿ ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಎಕೋ ಕಡಿಮೆಯಾದರೆ ನಡೆಯುವುದಿಲ್ಲ. ಮೈಕ್ ಹಿಡಿದವರು "ಹಲೋ, ಹಲೋ" ಎಂದು ಕೂಗಿ, ಮೈಕ್‌ಸೆಟ್ಟಿನವನ ಕಡೆ ತಿರುಗಿ, "ಎಕೋ ಸ್ವಲ್ಪ ಜಾಸ್ತಿ ಮಾಡಣ್ಣ" ಅನ್ನದೆ ಪಲ್ಲವಿ ಎತ್ತಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನಮಗೆಲ್ಲ ಅದೊಂದು ತಮಾಷೆ. ಈಗ ಮನೆಯ ಮೂಲೆಯಲ್ಲಿ ಒಂದು ಸಿಂಥಸೈಜರ್ ಇಟ್ಟುಕೊಂಡು ಕೂತಾಗ ಅನ್ನಿಸುತ್ತದೆ, ಪಾಪ, ಅವರು ಕೇಳುತ್ತಿದ್ದುದು ಸರಿಯಾದದ್ದನ್ನೇ.

ವೀಣೆಗೆ ಬುರುಡೆಯಿದೆ, ತಬಲಾಕ್ಕೆ ಹೊಟ್ಟೆಯಿದೆ, ಹಾಡುವವರಿಗೆ ಎದೆಗೂಡಿದೆ. ಸಿಂಥಸೈಜರಿಗೆ ಇದ್ಯಾವುದೂ ಇಲ್ಲ. ಅದರ ನಾದ ಸರ್ಕ್ಯೂಟಿನಲ್ಲಿ ಹುಟ್ಟಿ, ವೈರಿನಲ್ಲಿ ಓಡಿ, ಸ್ಪೀಕರ್ ಸೇರುವ ತನಕ ಗಾಳಿಯನ್ನೇ ಮುಟ್ಟಿರುವುದಿಲ್ಲ. ಹಾಗೇ ಕೇಳಿದರೆ ಕಿವಿಯೊಳಗೇ ಬಂದು ಕೂತು ಕಿರಿಕಿರಿ ಮಾಡುತ್ತದೆ. ಅದಕ್ಕೆ ನಿಲ್ಲಲು ಒಂದು ಜಾಗ ಬೇಕು. ಎಫೆಕ್ಟ್ಸ್ ಪೆಟ್ಟಿಗೆ ಕೊಡುವುದು ಅದನ್ನೇ. ವಿಜಯಪುರದ ಗೋಲಗುಮ್ಮಟ ಟಿಕೆಟ್ಟಿನ ದುಡ್ಡಿಗೇ ಈ ಕೆಲಸ ಮಾಡಿಕೊಡುತ್ತದೆ ನಿಜ, ಆದರೆ ಕಡಿಮೆ ಮಾಡೋಣವೆಂದರೆ ಅಲ್ಲಿ ನಾಬ್ ಇಲ್ಲ.

ಜಾಗವನ್ನು ಪೆಟ್ಟಿಗೆಗೆ ತುಂಬುವ ಹುಚ್ಚು ಹಳೆಯದು. ದೂರದ ಟೆಲಿಫೋನ್ ಕರೆಯಲ್ಲಿ ಮಾತು ತಡವಾಗುವುದನ್ನು ಪರೀಕ್ಷಿಸಲು ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಸ್ಪ್ರಿಂಗ್ ಬಳಸುತ್ತಿದ್ದರು. ಚರ್ಚಿನಲ್ಲಿ ಮೊಳಗುವ ವಾದ್ಯ ನಡುಮನೆಯಲ್ಲಿ ಸಪ್ಪೆಯಾಗುತ್ತದಲ್ಲ ಎಂದು ಲಾರೆನ್ಸ್ ಹ್ಯಾಮಂಡ್ ಅದೇ ಸ್ಪ್ರಿಂಗನ್ನು ತನ್ನ ಆರ್ಗನ್ನಿಗೆ ತಂದ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಆಳೆತ್ತರ ಮೀರಿದ ಉಕ್ಕಿನ ತೆಳು ತಗಡನ್ನು ಪೆಟ್ಟಿಗೆಯೊಳಗೆ ತೂಗುಹಾಕಿ, ಅದರ ಕಂಪನವನ್ನೇ ರಿವರ್ಬ್ (ಅನುರಣನ) ಎಂದು ಮಾರಿತು. ತೂಕ ಕಾಲು ಟನ್ನಿಗೂ ಮಿಗಿಲು. ಸ್ಟುಡಿಯೋಗಳಿಗೇನೋ ಸರಿ, ಮನೆಗೆ ತರುವ ಮಾತಲ್ಲ.

ನನ್ನ ಮನಸ್ಸು ನಿಂತಿರುವುದು 1974ರ ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೋ ಮೇಲೆ. ಬೆಂಗಳೂರಿನಲ್ಲಿ ಪರಿಚಯದವರೊಬ್ಬರ ಸ್ಟುಡಿಯೋದಲ್ಲಿ ಅದರ ಮುಚ್ಚಳ ತೆಗೆದು ನೋಡುವ ಭಾಗ್ಯ ಸಿಕ್ಕಿತ್ತು. ಕಪ್ಪು ಪೆಟ್ಟಿಗೆ, ಹಸಿರು ಮುಖ. ಒಳಗೆ ಟೇಪಿಗೆ ಚಕ್ರಗಳೇ ಇಲ್ಲ. ತುದಿಗೆ ತುದಿ ಅಂಟಿಸಿದ ಒಂದೇ ಟೇಪು, ಎಲೆಗೆ ಬಡಿಸಿದ ಶಾವಿಗೆಯ ಹಾಗೆ ಸಡಿಲವಾಗಿ ಬಿದ್ದುಕೊಂಡಿದೆ. ಮೋಟರು ಅದನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆಯಿಂದ ಒಳಗೆ ಬಿಡುತ್ತದೆ. ಒಂದು ಹೆಡ್ ದನಿಯನ್ನು ಬರೆಯುತ್ತದೆ, ಮುಂದೆ ಸಾಲಾಗಿ ಕೂತ ಮೂರು ಹೆಡ್‌ಗಳು ಒಂದಾದಮೇಲೊಂದು ಓದುತ್ತವೆ. ವೇಗದ ನಾಬ್ ತಿರುಗಿಸಿದರೆ ಆಗಲೇ ಬರೆದದ್ದರ ಸ್ಥಾಯಿಯೇ ಜಾರುತ್ತದೆ. ಪುನರಾವರ್ತನೆಯ ನಾಬ್ ಪೂರ್ತಿ ಏರಿಸಿದರೆ ಎಕೋ ತನ್ನನ್ನೇ ತಾನು ನುಂಗಿಕೊಂಡು ಊಳಿಡತೊಡಗುತ್ತದೆ. ಜಮೈಕಾದ ಲೀ ಪೆರ್ರಿ ಈ ಊಳಿನಿಂದಲೇ ಸಂಗೀತ ಮಾಡಿದವನು. ಟೇಪು ಸವೆಯುತ್ತದೆ, ಹೆಡ್ ಒರೆಸಬೇಕು, ಇಷ್ಟಾದರೂ ಇಂದಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. 2022ರಲ್ಲಿ ಬಾಸ್ ಕಂಪನಿ ಹೊರತಂದ ಆರ್‌ಇ-202ರಲ್ಲಿ ಟೇಪೇ ಇಲ್ಲ, ಆದರೆ ಟೇಪು ಹಳೆಯದಾದಂತೆ ಕೇಳಿಸಲು ಒಂದು ಸ್ವಿಚ್ ಇದೆ! ಸವೆತಕ್ಕೂ ದುಡ್ಡು ಕೊಡುವ ಕಾಲ.

ಸಿಂಥಸೈಜರಿನದೆಂದು ನಾವು ಮೆಚ್ಚುವ ನಾದದಲ್ಲಿ ಎಷ್ಟೋ ಪಾಲು ಈ ಪೆಟ್ಟಿಗೆಗಳದು. ಜಾನ್ ಮಿಷೆಲ್ ಜಾರ್ 1976ರ ತನ್ನ ಆಕ್ಸಿಜೆನ್ ಆಲ್ಬಮ್ಮಿನಲ್ಲಿ ಎಮಿನೆಂಟ್ ಆರ್ಗನ್ನಿನ ತಂತಿ ನಾದವನ್ನು ಸ್ಮಾಲ್ ಸ್ಟೋನ್ ಫೇಸರಿನಲ್ಲಿ ಹಾಯಿಸಿದ; ಅದು ಗಿಟಾರಿನವರ ಕಾಲಡಿಯ ಅಗ್ಗದ ಪೆಡಲ್. 1982ರ ರೋಲ್ಯಾಂಡ್ ಜೂನೊ-60ರಲ್ಲಿ ಒಂದು ಸ್ವರಕ್ಕೆ ಒಂದೇ ಆಸಿಲೇಟರ್. ಅದರ ಕೋರಸ್ ಗುಂಡಿ ಆರಿಸಿ ನೋಡಿ, ಅರ್ಧ ಕೀರ್ತಿ ಅಲ್ಲೇ ಇಳಿಯುತ್ತದೆ. ಅದೇ ವರ್ಷದ ಬ್ಲೇಡ್ ರನ್ನರ್ ಚಿತ್ರಕ್ಕೆ ವ್ಯಾಂಜೆಲಿಸ್ ನುಡಿಸಿದ ಯಮಾಹಾ ಸಿಎಸ್-80 ಸಿಂಥಸೈಜರಿನ ಬೆನ್ನಿಗೆ ಲೆಕ್ಸಿಕಾನ್ 224 ಎಂಬ ಡಿಜಿಟಲ್ ರಿವರ್ಬ್ ಇತ್ತು.

ಇದನ್ನೆಲ್ಲ ಮನೆಯಲ್ಲಿ ವಿವರಿಸುವುದು ಕಷ್ಟ. ಕೊರಿಯರಿನವನು ಪಾರ್ಸೆಲ್ ಕೊಟ್ಟು ಹೋದಾಗ ಹೆಂಡತಿ ಕೇಳಿದಳು: "ಇದೇನು ಮಾಡುತ್ತೆ ರೀ?"

"ಇಲ್ಲದ ಕೋಣೆಯನ್ನ ಇದೆ ಅನ್ನೋ ಹಾಗೆ ಮಾಡುತ್ತೆ."

"ಹಾಗಾದ್ರೆ ಇರೋ ಕೋಣೇಲಿ ಒಂದು ಬೀರುವಿಗೆ ಜಾಗ ಬಿಡಿ."

ಜಾಗದ ಅಭಾವದಿಂದಾಗಿಯೇ ನನಗೆ ಆರಿಸುವ ಬುದ್ಧಿ ಬಂದದ್ದು. ಗಿಟಾರ್ ಪೆಡಲ್‌ಗಳು ಗಿಟಾರಿನ ಕ್ಷೀಣ ಸಿಗ್ನಲ್‌ಗೆಂದು ಮಾಡಿದವು. ಸಿಂಥಸೈಜರಿನ ಲೈನ್ ಲೆವೆಲ್ ಅದಕ್ಕಿಂತ ಬಹಳ ಜೋರು. ಎಷ್ಟೋ ಪೆಡಲ್‌ಗಳಲ್ಲಿ ಅದು ಒಡೆದು ಕರಕರ ಎನ್ನುತ್ತದೆ, ವಾಲ್ಯೂಮ್ ಇಳಿಸಿಯೇ ಕೊಡಬೇಕು. ಕೀಬೋರ್ಡ್ ಸ್ಟೀರಿಯೋ ಆಗಿದ್ದು ಪೆಡಲ್ ಮಾನೋ ಆದರೆ ಅಗಲವಾಗಿ ಹರಡಿದ್ದ ನಾದ ನಡುವಿಗೆ ಬಂದು ಮುದುಡಿಕೊಳ್ಳುತ್ತದೆ. ಮಿಕ್ಸರಿನ ಸೆಂಡ್‌ನಿಂದ ಬಳಸುವುದಾದರೆ ಪೆಟ್ಟಿಗೆಯಿಂದ ಬರೀ ಎಫೆಕ್ಟ್ ಮಾತ್ರ ಹೊರಬರುವಂತೆ ಇಟ್ಟುಕೊಳ್ಳಬೇಕು. ಅಡಾಪ್ಟರಿನ ವಿಷಯ ಯಾರೂ ಹೇಳುವುದಿಲ್ಲ: ಸಾಮಾನ್ಯವಾಗಿ 9 ವೋಲ್ಟ್, ನಡುವಿನ ಪಿನ್ ನೆಗೆಟಿವ್. ಡಿಜಿಟಲ್ ಪೆಡಲ್‌ಗಳು ಕರೆಂಟು ಜಾಸ್ತಿ ಕುಡಿಯುತ್ತವೆ, ಎಲ್ಲಕ್ಕೂ ಒಂದೇ ಅಡಾಪ್ಟರ್ ಹಂಚಿದರೆ ಗುಂಯ್ ಎನ್ನುವುದು ಬಹುಮಟ್ಟಿಗೆ ಖಚಿತ. ಪುಟ್ಟ ಪರದೆಯಲ್ಲಿ ಮೆನು ಹುಡುಕಿಸುವ ಪೆಟ್ಟಿಗೆಗಳ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಎಡಗೈಗೆ ಸಿಗುವ ನಾಬ್ ಇರಬೇಕು, ಬಲಗೈ ನುಡಿಸುತ್ತಿರಬೇಕು.

ಮೊದಲ ಪೆಟ್ಟಿಗೆ ಯಾವುದೆಂದು ಕೇಳಿದರೆ ಡಿಲೇ, ಅಂದರೆ ಎಕೋ ಪೆಟ್ಟಿಗೆ, ಅನ್ನುತ್ತೇನೆ, ರಿವರ್ಬ್ ಅಲ್ಲ. ಮಾಡ್ಯುಲೇಶನ್ ಇರುವ ಡಿಲೇಯಲ್ಲಿ ಅವಧಿಯನ್ನು 20-30 ಮಿಲಿಸೆಕೆಂಡಿಗೆ ಇಳಿಸಿದರೆ ಕೋರಸ್ ಸಿಗುತ್ತದೆ. ಎಕೋಗಳನ್ನು ದಟ್ಟವಾಗಿಸಿದರೆ ಸುಮಾರಾಗಿ ಒಂದು ಕೋಣೆಯೂ ಆಗುತ್ತದೆ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ 375 ಮಿಲಿಸೆಕೆಂಡಿಗೆ ಇಟ್ಟರೆ ನೀವು ನುಡಿಸಿದ ಸ್ವರಗಳ ನಡುವೆ ತಾನೂ ಲಯ ಕಟ್ಟುತ್ತದೆ. ರಿವರ್ಬಿಗೆ ಈ ಕೆಲಸ ಬರುವುದಿಲ್ಲ. ಕೊಳ್ಳಲು ಹೋಗುವಾಗ ನಿಮ್ಮ ಕೀಬೋರ್ಡನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ. ಅಂಗಡಿಯವರು ಗಿಟಾರ್ ಮೀಟಿ ತೋರಿಸಿದ್ದನ್ನು ನಂಬಿ ದುಡ್ಡು ಕೊಡಬೇಡಿ.