ಪ್ರಶ್ನಾರ್ಥಕ ಚಿಹ್ನೆಗಳು

ಬಾಡಿಗೆ ಮನೆಯ ಯಜಮಾನನ ಗುಣ ಗೊತ್ತಾಗಬೇಕಾದರೆ ಮಾಡು ಸೋರಬೇಕು. ಅಲ್ಲಿಯವರೆಗೆ ಎಲ್ಲ ಯಜಮಾನರೂ ಸಜ್ಜನರೇ. ಅಂತರ್ಜಾಲದಲ್ಲಿ ಜಾಗವನ್ನು ಬಾಡಿಗೆಗೆ ಕೊಡುವ ಕಂಪೆನಿಗಳಿಗೂ ಈ ಮಾತು ಸಲ್ಲುತ್ತದೆಂದು ಹೋದ ವರ್ಷ ನನಗೆ ಅನುಭವವಾಯಿತು. ಕಂಪೆನಿಯ ಹೆಸರು ಇಲ್ಲಿ ಬೇಡ.

ನಮ್ಮಜ್ಜಿ ಚಿತ್ರದುರ್ಗದ ಕಡೆಯವರು. ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದಗಳೆಲ್ಲ ಅವರ ನಾಲಗೆಯ ಮೇಲಿವೆ. ಬೀಸುವ ಕಲ್ಲು ಈಗ ಹಿತ್ತಿಲು ಸೇರಿದೆ. ಹಿಟ್ಟು ಗಿರಣಿಯಿಂದ ಬರುತ್ತದೆ. ಹಾಡು ಮಾತ್ರ ಉಳಿದಿತ್ತು. ಎರಡು ಬೇಸಗೆಯ ರಜೆಗಳಲ್ಲಿ ಅವರ ಎದುರು ಕುಳಿತು 58 ಹಾಡುಗಳನ್ನು ಬರೆದು, ನನ್ನದೊಂದು ಪುಟ್ಟ ಜಾಲತಾಣದಲ್ಲಿ ಹಾಕಿದೆ. ಮೊದಮೊದಲು ನೋಟ್ ಪುಸ್ತಕದಲ್ಲಿ ಗೀಚಿಕೊಂಡು ಆಮೇಲೆ ಬೆರಳಚ್ಚು ಮಾಡುತ್ತಿದ್ದೆ. ಬರಬರುತ್ತ ಸೋಮಾರಿತನ ಹೆಚ್ಚಿ ನೇರವಾಗಿ ಜಾಲತಾಣಕ್ಕೇ ಏರಿಸತೊಡಗಿದೆ. ಹೀಗೆ ಕೊನೆಯ 17 ಹಾಡುಗಳಿಗೆ ಬೇರೆ ಪ್ರತಿಯೇ ಇಲ್ಲದಂತಾಯಿತು. ಇದು ನನ್ನ ತಪ್ಪು. ನಮ್ಮ ಅಧ್ಯಾಪಕರು ಇದನ್ನು ಸಾಕಷ್ಟು ಸಲ ಎತ್ತಿ ತೋರಿಸಿದ್ದಾರೆ, ಓದುಗರೂ ತೋರಿಸಬೇಕಾಗಿಲ್ಲ.

ವಿದ್ಯಾರ್ಥಿವೇತನದಲ್ಲಿ ಉಳಿಸಿ ವರ್ಷದ ಬಾಡಿಗೆ ಕಟ್ಟಿದ್ದೆ. ಒಂದು ದಿನ ಕಂಪೆನಿಯಿಂದ ಕಾಗದ ಬಂತು: ನಿಮ್ಮ ಜಾಲತಾಣವನ್ನು ಹೊಸ ಯಂತ್ರಕ್ಕೆ ಸಾಗಿಸುತ್ತೇವೆ, ನಿಮಗೆ ಯಾವ ತೊಂದರೆಯೂ ಆಗದು ಎಂದು. ಎರಡು ದಿನ ಕಳೆದು ತೆರೆದು ನೋಡಿದರೆ, ಹಾಡುಗಳಿದ್ದ ಕಡೆಯೆಲ್ಲ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು! ???? ??????, ??? ಎಂದು ಸಾಲುಸಾಲಾಗಿ, ನಡುವೆ ಅಲ್ಪವಿರಾಮ ಸಮೇತ.

ಸಹಾಯ ಕೇಳುವ ಚಾಟ್ ಕಿಟಕಿಯಲ್ಲಿ ಮೊದಲು ಯಂತ್ರ ಮಾತನಾಡಿತು. ಅದನ್ನು ದಾಟಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಮನುಷ್ಯರೊಬ್ಬರು ಬಂದರು. ಮಾತುಕತೆ ನಡೆದದ್ದು ಇಂಗ್ಲಿಷಿನಲ್ಲಿ. ಅದರ ಸಾರ ಇಷ್ಟು:

“ನಮ್ಮ ಕಡೆ ಎಲ್ಲವೂ ಸರಿಯಾಗಿದೆ ಸರ್.”

“ನಾನು ಸರ್ ಅಲ್ಲ. ಅಕ್ಷರಗಳೂ ಸರಿಯಾಗಿಲ್ಲ.”

“ಕ್ಷಮಿಸಿ ಸರ್. ಪುಟ ತೆರೆಯುತ್ತಿದೆಯಲ್ಲವೆ?”

“ತೆರೆಯುತ್ತಿದೆ. ಆದರೆ ಅದರಲ್ಲಿ ಕನ್ನಡ ಇಲ್ಲ.”

“ಈಗ ಕಾಣುತ್ತಿರುವುದು ಕನ್ನಡವಲ್ಲವೆ ಸರ್?”

ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಡಿಯಾ ಲಿಪಿಯ ಪುಟವೊಂದನ್ನು ನನಗೆ ತೋರಿಸಿ ಸರಿಯಿದೆಯೇ ಎಂದರೆ ನಾನಾದರೂ ಏನು ಹೇಳಿಯೇನು? ಸಿಟ್ಟು ಬಂದದ್ದು ಅವನನ್ನು ಹೊಸ್ತಿಲಲ್ಲಿ ಕೂರಿಸಿ, ತಿಳಿದವರನ್ನು ಒಳಗೆ ಬಚ್ಚಿಟ್ಟವರ ಮೇಲೆ. ಕೊನೆಗೆ ಅವನು ನನಗೊಂದು ‘ಟಿಕೆಟ್’ ಕೊಟ್ಟ. ಬಸ್ಸಿನ ಟಿಕೆಟ್ ಪಡೆದವರು ಊರನ್ನಾದರೂ ಸೇರುತ್ತಾರೆ. ಈ ಟಿಕೆಟ್ಟಿನವಳು ಮೂರು ವಾರ ನಿಲ್ದಾಣದಲ್ಲೇ ಇದ್ದಳು. ನಡುನಡುವೆ ‘ನಿಮ್ಮ ತೊಂದರೆ ಪರಿಹಾರವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?’ ಎಂಬ ವಿಚಾರಣೆ ಬೇರೆ.

ರೋಗದ ಮೂಲವನ್ನು ಹೇಳಿದವರು ನಮ್ಮ ಗಣಕ ಪ್ರಯೋಗಾಲಯದ ಅಧ್ಯಾಪಕರು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಇಂದು ಜಾಲದಲ್ಲಿ ಬಳಸುವ ಯುಟಿಎಫ್-8 ಕ್ರಮದಲ್ಲಿ ನಮ್ಮ ಒಂದೊಂದು ಅಕ್ಷರ, ಗುಣಿತದ ಚಿಹ್ನೆಗೂ ಮೂರು ಬೈಟುಗಳ ಜಾಗ ಬೇಕು. ಆ ಮೂರು ಚದುರಿ ವಿಚಿತ್ರ ಲ್ಯಾಟಿನ್ ಅಕ್ಷರಗಳಾಗಿ ಕಂಡರೆ ಸಾಮಾನ್ಯವಾಗಿ ಮತ್ತೆ ಕೂಡಿಸಬಹುದಂತೆ. ಆದರೆ ಕನ್ನಡಕ್ಕೆ ಎಡೆಯಿಲ್ಲದ ಪಾತ್ರೆಗೆ ಸುರಿದಾಗ, ಯಂತ್ರ ತನಗೆ ತಿಳಿಯದ ಪ್ರತಿಯೊಂದರ ಬದಲು ಒಂದು ಪ್ರಶ್ನೆಯನ್ನು ಬರೆದು ಮೂಲವನ್ನು ಮರೆತುಬಿಡುತ್ತದೆ. ಉಳಿದಿರುವುದು ಎಣಿಕೆ ಮಾತ್ರ. ‘ಅಕ್ಕಿ’ ಎಂಬಲ್ಲಿ ಐದು ಚಿಹ್ನೆಗಳು: ಅ, ಕ, ಅರ್ಧಚಿಹ್ನೆ, ಮತ್ತೊಂದು ಕ, ಇತ್ವ.

ಇದನ್ನೆಲ್ಲ ವಿವರಿಸಿ ಬರೆದು ಹಳೆಯ ಪ್ರತಿಯನ್ನು ಕೇಳಿದೆ. ಅಷ್ಟರಲ್ಲಿ ಹಳೆಯದನ್ನು ಅಳಿಸಿಯಾಗಿತ್ತು. ಪ್ರತಿ ಇಟ್ಟುಕೊಳ್ಳುವ ಹೊಣೆ ಗ್ರಾಹಕರದೆಂಬ ನಿಬಂಧನೆಯ ಸಾಲನ್ನು ಕಳಿಸಿದರು. ಹಳೆಯ ಪ್ರತಿ ಇದ್ದ ಮೊದಲ ವಾರದಲ್ಲೇ ನಾನು ಕೇಳಿದ್ದೆನಲ್ಲ ಎಂದದ್ದಕ್ಕೆ ಉತ್ತರವಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೊದಲರ್ಧವನ್ನು ಕಂಪೆನಿ ಅತಿ ನಿಷ್ಠೆಯಿಂದ ಪಾಲಿಸಿತು: ದೂರು ತಲುಪಿತೆಂಬ ಕಾಗದ ಒಂದೇ ನಿಮಿಷದಲ್ಲಿ ಬರುತ್ತಿತ್ತು. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಅಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಬಹುದಾಗಿತ್ತು. ಅಷ್ಟರಿಂದಲೇ ಅರ್ಧ ಭಾರ ಇಳಿಯಿತು. ಕೆಲವು ದಿನಗಳಲ್ಲಿ ಉಳಿದ ತಿಂಗಳುಗಳ ಬಾಡಿಗೆ ವಾಪಸು ಬಂತು. ಹಾಡು ಬರಲಿಲ್ಲ.

ದಸರೆಯ ರಜೆಯಲ್ಲಿ ಆ 17 ಹಾಡುಗಳ ಪ್ರಶ್ನೆಚಿಹ್ನೆಗಳನ್ನು ಮುದ್ರಿಸಿಕೊಂಡು ಅಜ್ಜಿಯ ಬಳಿಗೆ ಹೋದೆ. ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನವ್ವಾ, ಕುಡುಗೋಲು ಜೋಡಿಸಿಟ್ಟಂಗೈತಲ್ಲ?” ಎಂದರು. ಅವರು ಹಾಡುತ್ತ ಹೋದಂತೆ ನಾನು ಚಿಹ್ನೆಗಳನ್ನು ಎಣಿಸುತ್ತ ಹೋದೆ. ಹೆಚ್ಚಿನ ಕಡೆ ಕೂಡಿಬಂತು. ಕೆಲವು ಕಡೆ ಹಾಡೇ ಬೇರೆಯಾಗಿತ್ತು. ಎರಡು ಹಾಡುಗಳಂತೂ ನೆನಪಿಗೇ ಬರಲಿಲ್ಲ. ಎಷ್ಟು ಚಿಹ್ನೆಯ ಸಾಲು ಎಂದು ಹೇಳಿದರೆ ಬಂದೀತೆ?

ಒಂದು ಬೀಸುವ ಪದದಲ್ಲಿ ಅವರು ‘ಜೋಳ’ ಎಂದರು. ಹಾಳೆಯಲ್ಲಿ ನಾಲ್ಕು ಚಿಹ್ನೆಗಳಿದ್ದುವು. ಜೋಳಕ್ಕೆ ಮೂರೇ ಸಾಕು.

“ಅಜ್ಜಿ, ಆಗ ರಾಗಿ ಅಂದಿದ್ದಿರಾ?”

ಅವರು ಸ್ವಲ್ಪ ಹೊತ್ತು ಬಾಯೊಳಗೇ ಗುನುಗಿಕೊಂಡರು.

“ರಾಗೀನೇ ಅಂದಿರಬೇಕು, ಬರಕೋ. ಪೆನ್ನಿನಾಗೆ ಬರಕೋ.”