ರಸ್ತೆಯ ಕೊನೆಯಲ್ಲಿ ಒಂದು ಸೈಕಲ್ಲು

ನಮ್ಮ ಅಣ್ಣನಿಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದೇ ನಾನು ತಿಳಿದಿದ್ದೆ. ತಂದೆಯನ್ನು ‘ಅಣ್ಣ’ ಎಂದು ಕರೆಯುವುದು ನಮ್ಮ ಮನೆಯ ರೂಢಿ. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಜಯಲಕ್ಷ್ಮಿಪುರಂನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ನಾಲ್ವರು ಮಕ್ಕಳು, ತಿಂಗಳ ಇಪ್ಪತ್ತನೇ ತಾರೀಖಿಗೇ ಸಂಬಳ ಮುಗಿದು ಅಂಗಡಿಯ ಸಾಲದ ಪುಸ್ತಕ ಹೊರಬರುತ್ತಿದ್ದ ಸಂಸಾರ. ಹಿಂದಿನ ಬೀದಿಯ ಮೇಷ್ಟರೊಬ್ಬರ ಬಳಿ ನಾನು ಪಿಟೀಲು ಕಲಿಯುತ್ತಿದ್ದೆ. ಮೇಷ್ಟರು ದುಡ್ಡು ಕೇಳುತ್ತಿರಲಿಲ್ಲ, ಹಾಗಾಗಿ ಅಣ್ಣನೂ ಸುಮ್ಮನಿದ್ದರು. 1976ರಲ್ಲಿ ನಾನು ಎಸ್ಸೆಸ್ಸೆಲ್ಸಿಗೆ ಬಂದದ್ದೇ ತಡ, ಸ್ಟೂಲು ಹಾಕಿಕೊಂಡು ಪಿಟೀಲಿನ ಪೆಟ್ಟಿಗೆಯನ್ನು ತಾವೇ ಅಟ್ಟದ ಮೇಲಿಟ್ಟರು.

‘ಕಮಾನು ಎಳೆದರೆ ಒಲೆ ಉರಿಯುತ್ತೇನೋ? ಒಂದೇ ವರ್ಷ. ಲೆಕ್ಕದಲ್ಲಿ ಪಾಸಾಗು, ಆಮೇಲೆ ನೋಡೋಣ’ ಎಂದರು.

ಆ ವರ್ಷದ ಗಣೇಶನ ಹಬ್ಬದಲ್ಲೇ ನನಗೆ ಅವರ ಗುಟ್ಟು ತಿಳಿದದ್ದು. ಎಂಟನೇ ಕ್ರಾಸಿನ ಗಣಪತಿಯನ್ನು ಮೈಸೂರಿನವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ನಮ್ಮ ಬಡಾವಣೆಗೆ ಅಂಟಿಕೊಂಡಂತಿರುವ ಒಂಟಿಕೊಪ್ಪಲಿನ ಈ ರಸ್ತೆಯಲ್ಲಿ 1960ರ ದಶಕದಿಂದಲೂ ಹಬ್ಬದ ನೆಪದಲ್ಲಿ ಸಂಗೀತ ಕಛೇರಿಗಳು ನಡೆಯುತ್ತ ಬಂದಿವೆ. ಸಭಾಂಗಣದಲ್ಲಲ್ಲ, ರಸ್ತೆಯಲ್ಲೇ. ಚಪ್ಪರ ಹಾಕಿ ವೇದಿಕೆ ಕಟ್ಟಿದರೆ ಆಯಿತು. ಟಿಕೆಟ್ಟಿಲ್ಲ. ಮುಂದೆ ಕುಳಿತವರು, ಕಾಂಪೌಂಡಿಗೆ ಒರಗಿದವರು, ಮಹಡಿಯ ಮೇಲೆ ಮಗುವನ್ನು ಎತ್ತಿಕೊಂಡು ನಿಂತವರು ಎಲ್ಲರೂ ಶ್ರೋತೃಗಳೇ.

ಹಬ್ಬ ಕಳೆದು ನಾಲ್ಕು ದಿನವಾಗಿತ್ತು. ಅಣ್ಣ ಮೂರು ದಿನದಿಂದ ತಡವಾಗಿ ಬರುತ್ತಿದ್ದರು. ಹುಡುಕಿಕೊಂಡು ಹೊರಟ ನಾನು ಎಂಟನೇ ಕ್ರಾಸಿನ ತುದಿಯಲ್ಲಿ ಅವರನ್ನು ಕಂಡೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಪೆಡಲಿನ ಮೇಲೆ, ಹ್ಯಾಂಡಲಿನಲ್ಲಿ ಖಾಲಿ ಟಿಫನ್ ಡಬ್ಬಿ. ಬೆಲ್ಲಿನ ಮುಚ್ಚಳದ ಮೇಲೆ ಅವರ ಬೆರಳು ಸದ್ದಿಲ್ಲದೆ ತಾಳ ಹಾಕುತ್ತಿತ್ತು. ಅದೂ ಸರಿಯಾದ ತಾಳ. ಅದನ್ನು ಗುರುತಿಸುವಷ್ಟು ವಿದ್ಯೆ ನನಗಾಗಲೇ ಬಂದಿತ್ತು. ಕರೆಯಲು ಧೈರ್ಯ ಬರಲಿಲ್ಲ. ವಾಪಸು ಬಂದು ‘ಎಲ್ಲೂ ಸಿಗಲಿಲ್ಲಮ್ಮ’ ಅಂದೆ.

ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಲೇ, ‘ಎಂಟನೇ ಕ್ರಾಸಿನ ತುದೀಲಿ ನಿಂತಿರ್ತಾರೆ ಬಿಡು. ಗಣಪತಿ ನೀರಿಗೆ ಹೋಗೋವರೆಗೂ ಹೀಗೇ’ ಎಂದಳು.

‘ಒಳಗೆ ಹೋಗಿ ಕೂತ್ಕೋಬಾರದಾ?’

‘ಕೂತರೆ ಏಳೋಕೆ ಮನಸ್ಸು ಬರೋಲ್ಲವಂತೆ.’

ಆ ದಿನಗಳಲ್ಲಿ ಅಣ್ಣ ಸಾಲದ ಮಾತೆತ್ತುತ್ತಿರಲಿಲ್ಲ. ಸಾಲವೇನೂ ತೀರಿರುತ್ತಿರಲಿಲ್ಲ ಎನ್ನಿ.

ಅವರಿಗೆ ಅಲ್ಲಿ ಸಿಗುತ್ತಿದ್ದುದೇನು ಎಂದು ನಾನು ಆಗಾಗ ಯೋಚಿಸಿದ್ದೇನೆ. ಬಡ್ತಿ ಸಿಗಲಿಲ್ಲ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದೂ ಏನಿಲ್ಲ. ಬೇರೆಯವರ ಕಡತಗಳಲ್ಲಿ ದಿನವಿಡೀ ಬಗ್ಗಿದ್ದ ಮನುಷ್ಯ ಒಂದು ಗಂಟೆ ಹೊತ್ತು ತಲೆಯೆತ್ತಿ ನಿಂತಿರುತ್ತಿದ್ದ, ಅಷ್ಟೆ. ನಮ್ಮ ಮೈಸೂರಿನ ಪಿಟೀಲು ಚೌಡಯ್ಯನವರ (1895–1967) ಕಥೆ ಓದಿದಾಗಲೂ ನನಗೆ ಅಣ್ಣನ ನೆನಪೇ ಬಂತು. ಧ್ವನಿವರ್ಧಕ ಇಲ್ಲದ ಕಾಲ. ಪಿಟೀಲಿನ ನಾದ ಹಿಂದಿನ ಸಾಲಿನವರಿಗೆ ಕೇಳುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರ ಈ ಶಿಷ್ಯ ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಮುಂದಿನ ಸಾಲಿನ ದೊಡ್ಡ ಮನುಷ್ಯರಿಗೆ ನಾಲ್ಕೇ ಸಾಕಾಗಿತ್ತು. ಆ ಮೂರು ತಂತಿ ಹಿಂದೆ ಕುಳಿತವರಿಗಾಗಿ.

ಹಾಗೆಂದು ಅಣ್ಣ ಮಾಡಿದ್ದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಲೆಕ್ಕದಲ್ಲಿ ಪಾಸಾದೆ, ಬಿ.ಕಾಂ. ಮಾಡಿ ಬ್ಯಾಂಕು ಸೇರಿದೆ, ಆ ಸಂಬಳದಲ್ಲೇ ಇಬ್ಬರು ತಂಗಿಯರ ಮದುವೆಯಾಯಿತು. ಆದರೆ ಅಟ್ಟದ ಮೇಲಿನ ಒಂದು ವರ್ಷ ಎಂಟು ವರ್ಷವಾಯಿತು. ಇಳಿಸಿದಾಗ ಮರ ಬಿರುಕು ಬಿಟ್ಟಿತ್ತು, ಕಮಾನಿನ ಕೂದಲನ್ನು ಹುಳು ತಿಂದಿತ್ತು. ಅಣ್ಣ ಪೆಟ್ಟಿಗೆಯನ್ನು ತುಂಬಾ ಹೊತ್ತು ನೋಡಿ, ‘ರಿಪೇರಿ ಮಾಡ್ತಾರೇನೋ ಕೇಳು’ ಎಂದರು. ಕೇಳಿದೆ. ಆಗುವುದಿಲ್ಲ ಎಂದರು. ನಾನೂ ಅಣ್ಣನ ಹಾಗೆ ರಸ್ತೆಯ ತುದಿಯಲ್ಲಿ ನಿಂತು ಕೇಳುವವನಾದೆ, ಸೈಕಲ್ಲಿನ ಬದಲು ಸ್ಕೂಟರು.

ಈಗ ಮೊಮ್ಮಗಳು ಎಸ್ಸೆಸ್ಸೆಲ್ಸಿ. ಪಿಟೀಲೇ ಕಲಿಯುತ್ತಿದ್ದಾಳೆ. ಕಳೆದ ಜೂನ್‌ನಲ್ಲಿ ಮಗಳು ಬಂದು, ‘ಅಪ್ಪ, ನೀವು ಹೇಳಿದರೆ ಕೇಳ್ತಾಳೆ. ಒಂದೇ ವರ್ಷ ನಿಲ್ಲಿಸು ಅನ್ನಿ’ ಎಂದಳು. ಅದೇ ಎರಡು ಪದ! ನನ್ನ ಮಗಳು ಕೆಟ್ಟವಳಲ್ಲ. ಬೆಳಗ್ಗೆ ಐದಕ್ಕೆದ್ದು ಮಗುವಿಗೆ ಡಬ್ಬಿ ಕಟ್ಟಿ ಆಫೀಸಿಗೆ ಓಡುವವಳು, ಅವಳ ಭಯ ಅವಳಿಗೆ. ಇನ್ನೊಂದು ಬಗೆಯ ತಂದೆ ತಾಯಿಯರನ್ನೂ ನಾನು ಕಂಡಿದ್ದೇನೆ. ಸಂಗೀತ ಕಲಿತರೆ ಬುದ್ಧಿ ಚುರುಕಾಗುತ್ತದೆ, ಲೆಕ್ಕದಲ್ಲಿ ಮಾರ್ಕ್ಸ್ ಬರುತ್ತದೆ, ಟೀವಿಯಲ್ಲಿ ಹಾಡಬಹುದು ಎಂದು ಮಕ್ಕಳನ್ನು ದಬ್ಬುವವರು. ನಿಲ್ಲಿಸುವವರೂ ದಬ್ಬುವವರೂ ಕೇಳುವ ಪ್ರಶ್ನೆ ಮಾತ್ರ ಒಂದೇ: ಇದರಿಂದ ಏನು ಸಿಗುತ್ತೆ? ಬೆಲ್ಲಿನ ಮೇಲೆ ತಾಳ ಹಾಕುತ್ತಿದ್ದ ಆ ಬೆರಳನ್ನು ಇವರಿಗೆ ಹೇಗೆ ತೋರಿಸಲಿ?

ಕೊನೆಗೆ ಒಂದು ರಾಜಿ ಮಾಡಿಸಿದೆ. ಪಾಠ ವಾರಕ್ಕೆ ಒಂದೇ ದಿನ, ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ. ಪೆಟ್ಟಿಗೆ ಮಾತ್ರ ಅಟ್ಟಕ್ಕೆ ಹೋಗಕೂಡದು. ಅದಕ್ಕೆ ಬಾಗಿಲ ಬಳಿಯ ಪುಸ್ತಕದ ಬೀರುವಿನ ಮೇಲೆ, ಕೈಗೆಟಕುವಂತೆ, ನಾನೇ ಜಾಗ ಮಾಡಿಕೊಟ್ಟೆ. ಟ್ಯೂಷನ್ ಮುಗಿಸಿ ಬಂದು ಚಪ್ಪಲಿ ಬಿಟ್ಟವಳೇ ಅವಳು ಅದನ್ನು ಇಳಿಸಿಕೊಳ್ಳುತ್ತಾಳೆ. ಶ್ರುತಿ ಇನ್ನೂ ಸರಿಯಾಗಿ ನಿಂತಿಲ್ಲ, ಪಕ್ಕದ ಮನೆಯ ನಾಯಿ ದಿನವೂ ಆಕ್ಷೇಪಿಸುತ್ತದೆ.

ಮೊನ್ನೆ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಬಂತು. ಲೆಕ್ಕದಲ್ಲಿ ಹೋದ ಸಲಕ್ಕಿಂತ ಆರು ಕಡಿಮೆ. ಮಗಳು ಪಟ್ಟಿಯನ್ನು ನನ್ನ ಮುಂದಿಟ್ಟು ಏನೂ ಮಾತಾಡದೆ ಅಡುಗೆಮನೆಗೆ ಹೋದಳು. ಒಳಗಿನಿಂದ ಪಿಟೀಲು ಕೇಳಿಸುತ್ತಿತ್ತು. ಅರ್ಧ ಗಂಟೆ ಆಗಲೇ ಮೀರಿತ್ತು, ನಾನು ಗಡಿಯಾರ ನೋಡಲಿಲ್ಲ.